ಅಂಗಡಿಯವರು ಕೇಳದೆ ನಿಮ್ಮ ವಿಡಿಯೊ ಹಿಡಿದರೆ ಏನು ಮಾಡಬೇಕು?

ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. "ಮಲ್ಲೇಶ್ವರದಲ್ಲಿ ಅಮ್ಮ ಸೀರೆ ನೋಡ್ತಾ ಕೂತಿದ್ರು, ಮಾರನೇ ದಿನ ಅಂಗಡಿಯ ಇನ್‌ಸ್ಟಾಗ್ರಾಮ್‌ನಲ್ಲಿ ಅವರ ಮುಖ." "ನಾನು ಸ್ಕ್ವಾಟ್ ಹೊಡೆಯೋದನ್ನ ಜಿಮ್‌ನವರು ಜಾಹೀರಾತಿಗೆ ಹಾಕ್ಕೊಂಡಿದ್ದಾರೆ." "ಟ್ರಯಲ್ ರೂಮ್ ಬಾಗಿಲಿಗೆ ಎದುರಾಗೇ ಕ್ಯಾಮೆರಾ ಇದೆ, ಇದು ಸರಿನಾ?" ಕೊನೆಗೆ ಎಲ್ಲರೂ ಕೇಳುವುದು ಇಷ್ಟೇ: ನಮಗೆ ಹಕ್ಕು ಅಂತ ಏನಾದರೂ ಇದೆಯಾ, ಇಲ್ಲ ನುಂಗಿಕೊಂಡು ಸುಮ್ಮನಿರಬೇಕಾ?

ಹಕ್ಕು ಇದೆ. ಆದರೆ ಈ ಮೂರೂ ದೂರುಗಳಿಗೆ ಒಂದೇ ಮದ್ದಿಲ್ಲ. ತಪ್ಪು ಬಾಗಿಲು ತಟ್ಟಿ ಎರಡು ವಾರ ಕಳೆಯುವಷ್ಟರಲ್ಲಿ ಸಾಕ್ಷ್ಯ ಅಳಿಸಿಹೋಗಿರುತ್ತದೆ. ನನಗೂ ಒಮ್ಮೆ ಹಾಗೆ ಆಗಿದೆ. ತಲೆಗೆ ಬಣ್ಣ ಮೆತ್ತಿಸಿಕೊಂಡು, ಕೊರಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿದ್ದ ನನ್ನನ್ನು ಒಂದು ಸಲೂನಿನವರು ಸ್ಟೋರಿಗೆ ಹಾಕಿದ್ದರು. ಗೆಳೆಯರು ನಕ್ಕು ಹೇಳಿದ ಮೇಲೆ ನಾನು ನೋಡಲು ಹೋದಾಗ 24 ಗಂಟೆ ಮುಗಿದು ಅದು ಮಾಯವಾಗಿತ್ತು. ಕೈಯಲ್ಲಿ ಒಂದು ಸ್ಕ್ರೀನ್‌ಶಾಟೂ ಇರಲಿಲ್ಲ. ಹಾಗಾಗಿ ಕೆಳಗಿನ ಹಂತಗಳ ಕ್ರಮ ಮುಖ್ಯ.

ಹಂತ 1: ಇದು ಯಾವ ಬಗೆಯ ಕ್ಯಾಮೆರಾ ಎಂದು ಮೊದಲು ಗುರುತಿಸಿ

ಬಗೆ ಮೂರು. ಒಂದೊಂದಕ್ಕೆ ಕಾನೂನೂ ಬೇರೆ, ನಿಮ್ಮ ಬಲವೂ ಬೇರೆ.

ಮೊದಲನೆಯದು ಗೋಡೆಯ ಮೇಲಿನ ಸಿಸಿಟಿವಿ. ಇದು ಇರುವುದೇ ತಪ್ಪು ಎಂದು ಜಗಳಕ್ಕೆ ಹೋಗಬೇಡಿ, ಸೋಲುತ್ತೀರಿ. ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಕಾಯ್ದೆಯ ಪ್ರಕಾರ ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಅಂಗಡಿ, ಆಸ್ಪತ್ರೆ, ಮಾಲ್‌ಗಳು ಸಿಸಿಟಿವಿ ಹಾಕಲೇಬೇಕು, ದೃಶ್ಯವನ್ನು 30 ದಿನ ಇಟ್ಟುಕೊಳ್ಳಲೇಬೇಕು. ನೀವು ಪ್ರಶ್ನಿಸಬೇಕಾದದ್ದು ಎರಡು ಸಂಗತಿ: ಕ್ಯಾಮೆರಾ ಎಲ್ಲಿಗೆ ಮುಖಮಾಡಿದೆ, ಮತ್ತು ಆ ದೃಶ್ಯ ಎಲ್ಲಿಗೆ ಹೋಗುತ್ತಿದೆ. "ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ" ಎಂಬ ಬೋರ್ಡು ಕಳ್ಳತನ ತಡೆಯುವ ಕ್ಯಾಮೆರಾ ಇದೆ ಎಂದು ತಿಳಿಸುತ್ತದೆ, ಅಷ್ಟೇ. ಅದರ ಕ್ಲಿಪ್ ಕತ್ತರಿಸಿ ಹಾಡು ಹಾಕಿ ರೀಲ್ ಮಾಡಲು ನೀವು ಒಪ್ಪಿದ್ದೀರಿ ಎಂದು ಅದರರ್ಥವಲ್ಲ.

ಸಿಸಿಟಿವಿಯ ಇನ್ನೊಂದು ದುರ್ಬಳಕೆ ನಮ್ಮ ಬಡಾವಣೆಗಳಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಯಾರದೋ ಮೇಲೆ ಅನುಮಾನ ಬಂದರೆ ಸಾಕು, ಅವರ ಫೋಟೊ ಪ್ರಿಂಟ್ ಹಾಕಿ "ಈ ಕಳ್ಳಿ ಇದ್ದಾಳೆ ಎಚ್ಚರಿಕೆ" ಎಂದು ಕೌಂಟರಿಗೆ ಅಂಟಿಸುವುದು, ಏರಿಯಾ ವಾಟ್ಸ್‌ಆ್ಯಪ್ ಗುಂಪಿಗೆ ಬಿಡುವುದು. ಪೊಲೀಸರಿಗೆ ದೃಶ್ಯ ಕೊಡುವುದು ಅಂಗಡಿಯವನ ಕರ್ತವ್ಯ. ಗುಂಪಿಗೆ ಬಿಟ್ಟು ತಾನೇ ತೀರ್ಪು ಕೊಡುವುದು ಮಾನನಷ್ಟ. ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗದಲ್ಲಿ 2024ರ ಜುಲೈ 1ರಿಂದ ಬಂದಿರುವ ಕಾನೂನು) ಕಲಂ 356ರಲ್ಲಿ ಇದಕ್ಕೆ ಎರಡು ವರ್ಷದವರೆಗೆ ಸಜೆ ಇದೆ. ಆದರೆ ಈ ಒಂದು ವಿಷಯಕ್ಕೆ ಠಾಣೆಯಲ್ಲಿ ನೇರವಾಗಿ ಎಫ್‌ಐಆರ್ ಆಗುವುದಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬೇಕು.

ಎರಡನೆಯದು ಪ್ರಚಾರದ ವಿಡಿಯೊ. ರೀಲ್, "ಗ್ರಾಹಕರ ರಿಯಾಕ್ಷನ್", "ನಮ್ಮ ಹೋಟೆಲಿನ ರಶ್ ನೋಡಿ" ಇತ್ಯಾದಿ. ಹೆಚ್ಚಿನ ದೂರು ಇಲ್ಲಿನವೇ, ಗೊಂದಲವೂ ಇಲ್ಲೇ ಹೆಚ್ಚು. ಅನುಮತಿ ಇಲ್ಲದೆ ಯಾರ ವಿಡಿಯೊ ತೆಗೆದರೂ ಅಪರಾಧ ಎನ್ನುವ ಕಾನೂನು ನಮ್ಮಲ್ಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅರ್ಧ ಜನ ಅಂಗಡಿಯಲ್ಲಿ "ಇದು ಕ್ರೈಮ್" ಎಂದು ಕೂಗಿ, ಆಮೇಲೆ ಠಾಣೆಯಲ್ಲಿ ಪೆಚ್ಚಾಗುತ್ತಾರೆ. ನಿಮ್ಮ ಬಲ ಇರುವುದು ಬಳಕೆಯ ವಿಷಯದಲ್ಲಿ. ತಮಿಳುನಾಡಿನ ಆಟೋ ಶಂಕರ್ ಪ್ರಕರಣವೆಂದೇ ಹೆಸರಾದ 1994ರ ಆರ್. ರಾಜಗೋಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಬ್ಬರ ಹೆಸರನ್ನೋ ಚಹರೆಯನ್ನೋ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸಿದರೆ ಅದು ಖಾಸಗಿತನದ ಉಲ್ಲಂಘನೆ ಎಂದಿದೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಹೇಳಿತು. ಆ ಅರ್ಜಿ ಹಾಕಿದವರು ಬೆಂಗಳೂರಿನವರೇ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೂಲಭೂತ ಹಕ್ಕು ಸರ್ಕಾರದ ವಿರುದ್ಧ ಮಾತ್ರ ತಾನೇ ಎಂದು ಅಂಗಡಿಯ ವಕೀಲರು ವಾದಿಸಬಹುದು. ಆದರೆ ಖಾಸಗಿತನ ಬದುಕುವ ಹಕ್ಕಿನದೇ ಭಾಗ, ಆ ಹಕ್ಕನ್ನು ಖಾಸಗಿಯವರ ವಿರುದ್ಧವೂ ಕೇಳಬಹುದು ಎಂದು 2023ರ ಜನವರಿಯಲ್ಲಿ ಸಂವಿಧಾನ ಪೀಠ ಬಹುಮತದಿಂದ ಹೇಳಿದೆ.

ಮೂರನೆಯದು ಗುಟ್ಟಿನ ಕ್ಯಾಮೆರಾ. ಟ್ರಯಲ್ ರೂಮ್, ಶೌಚಾಲಯ, ಸ್ಪಾ, ಹೋಟೆಲ್ ಕೋಣೆ. ಇಲ್ಲಿ ಚರ್ಚೆಗೆ ಜಾಗವೇ ಇಲ್ಲ, ನೇರ ಅಪರಾಧ. ನಿಮ್ಮದು ಈ ಬಗೆಯದಾದರೆ ನಡುವಿನ ಹಂತಗಳನ್ನು ಬಿಟ್ಟು ಈಗಲೇ ಹಂತ 6ಕ್ಕೆ ಹೋಗಿ.

ಹಂತ 2: ಅಲ್ಲೇ, ಆಗಲೇ ಬಾಯಿಬಿಟ್ಟು ಹೇಳಿ

ಕ್ಯಾಮೆರಾ ನಿಮ್ಮ ಕಡೆ ತಿರುಗಿದ್ದು ಗೊತ್ತಾದ ಕೂಡಲೇ "ದಯವಿಟ್ಟು ನನ್ನನ್ನು ತೆಗೀಬೇಡಿ, ತೆಗೆದಿದ್ರೆ ಅಳಿಸಿ" ಎನ್ನಿ. ಸುಮ್ಮನೆ ಮುಖ ತಿರುಗಿಸಿಕೊಂಡರೆ ಸಾಲದು. ಆಮೇಲೆ ಅವರು "ಮೇಡಂ ಏನೂ ಹೇಳಲಿಲ್ಲ, ನಗ್ತಾ ಇದ್ರು" ಎನ್ನುತ್ತಾರೆ.

ಶೂಟ್ ಮಾಡುವ ಹುಡುಗನ ಮೇಲೆ ಹರಿಹಾಯಬೇಡಿ. ಅವನು ಆ ದಿನದ ಕೂಲಿಗೆ ಬಂದವನಿರಬಹುದು, ವಿಡಿಯೊ ಅಂಗಡಿಯ ಖಾತೆಗೆ ಹೋಗುತ್ತದೋ ಅವನ ಖಾತೆಗೆ ಹೋಗುತ್ತದೋ ಅವನಿಗೇ ಗೊತ್ತಿರುವುದಿಲ್ಲ. ಮ್ಯಾನೇಜರ್‌ನನ್ನು ಕರೆಸಿ, ಹೆಸರು ಕೇಳಿ. "ಅಯ್ಯೋ ಸುಮ್ನೆ ಒಂದು ರೀಲ್ ಅಷ್ಟೇ ಅಕ್ಕಾ, ನಿಮ್ಗೂ ಪಬ್ಲಿಸಿಟಿ" ಎಂಬ ಉತ್ತರಕ್ಕೆ ತಯಾರಾಗಿರಿ. "ಬೇಡ" ಎಂದಷ್ಟೇ ಹೇಳಿದರೆ ಸಾಕು, ಕಾರಣ ಕೊಡಬೇಕಾಗಿಲ್ಲ.

ಯಾವ ಕಾರಣಕ್ಕೂ ಫೋನ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡ ಮರುಕ್ಷಣ ಕಥೆ ತಿರುಗುತ್ತದೆ, ದೂರುದಾರ ಅವನು, ಆರೋಪಿ ನೀವು. ಅಳಿಸುತ್ತೇನೆ ಎಂದರೆ ನಿಮ್ಮ ಎದುರೇ ಅಳಿಸಲಿ, "ಇತ್ತೀಚೆಗೆ ಅಳಿಸಿದ್ದು" ಎಂಬ ಫೋಲ್ಡರಿನಿಂದಲೂ ತೆಗೆಸಿ, ಅಲ್ಲಿ ಇನ್ನೂ 30 ದಿನ ಕೂತಿರುತ್ತದೆ. ಒಂದು ವಿನಾಯಿತಿ: ಟ್ರಯಲ್ ರೂಮ್ ಅಥವಾ ಶೌಚಾಲಯದ ದೃಶ್ಯವಾಗಿದ್ದರೆ ಅಳಿಸಲು ಹೇಳಲೇಬಾರದು. ಅದು ನಿಮ್ಮ ಸಾಕ್ಷ್ಯ.

ಹಂತ 3: ಸಾಕ್ಷ್ಯ ಕೂಡಿಡಿ, ಆಮೇಲೆ ಜಗಳ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಬಹಳ ಜನ ಎಡವುವುದು ಇಲ್ಲೇ. ಕೋಪದಲ್ಲಿ ಮೊದಲು ಕಾಮೆಂಟ್ ಹಾಕುತ್ತಾರೆ, ಅಂಗಡಿಯವರು ಬ್ಲಾಕ್ ಮಾಡುತ್ತಾರೆ, ಆಮೇಲೆ ನೋಡಲು ಏನೂ ಉಳಿದಿರುವುದಿಲ್ಲ.

ವಿಡಿಯೊ ಇನ್‌ಸ್ಟಾಗ್ರಾಮ್‌ನಲ್ಲೋ ಯೂಟ್ಯೂಬ್‌ನಲ್ಲೋ ಇದ್ದರೆ ಬರೀ ಸ್ಕ್ರೀನ್‌ಶಾಟ್ ತೆಗೆದು ಬಿಡಬೇಡಿ. ಫೋನಿನ ಸ್ಕ್ರೀನ್ ರೆಕಾರ್ಡಿಂಗ್ ಆನ್ ಮಾಡಿ, ಅಂಗಡಿಯ ಪ್ರೊಫೈಲ್ ತೆರೆಯುವುದರಿಂದ ಶುರುಮಾಡಿ. ಖಾತೆಯ ಹೆಸರು, ಆ ಪೋಸ್ಟು, ದಿನಾಂಕ, ಕೆಳಗಿನ ಬರಹ, ವೀಕ್ಷಣೆಯ ಸಂಖ್ಯೆ, ಕಾಮೆಂಟುಗಳು ಎಲ್ಲ ಒಂದೇ ಓಟದಲ್ಲಿ ಬರಲಿ. ಲಿಂಕ್ ಪ್ರತ್ಯೇಕವಾಗಿ ಬರೆದಿಡಿ. ನಿಮ್ಮನ್ನು ಬ್ಲಾಕ್ ಮಾಡುವ ಮೊದಲೇ ಇನ್ನೊಬ್ಬರ ಖಾತೆಯಿಂದಲೂ ಒಮ್ಮೆ ಹೀಗೇ ಮಾಡಿಸಿ. ಪೋಸ್ಟು ಇಬ್ಬರ ಹೆಸರಿನಲ್ಲಿದ್ದರೆ, ಅಂದರೆ ಅಂಗಡಿ ಮತ್ತು ಫುಡ್ ವ್ಲಾಗರ್ ಸೇರಿ ಹಾಕಿದ್ದರೆ, ಎರಡೂ ಹೆಸರು ಗುರುತು ಹಾಕಿಕೊಳ್ಳಿ. ಒಬ್ಬರು ತೆಗೆದರೆ ಇನ್ನೊಬ್ಬರಲ್ಲಿ ಉಳಿಯಬಹುದು.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಉಪಾಯ: ಮೆಟಾ ಆಡ್ ಲೈಬ್ರರಿ ಎಂಬ ಪುಟ ಯಾರಿಗೆ ಬೇಕಾದರೂ ತೆರೆದಿದೆ. ಅಂಗಡಿಯ ಹೆಸರು ಕೊಟ್ಟರೆ ಅವರು ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಆ ಹೊತ್ತಿಗೆ ದುಡ್ಡು ಕೊಟ್ಟು ಓಡಿಸುತ್ತಿರುವ ಜಾಹೀರಾತುಗಳು ಕಾಣುತ್ತವೆ. ನಿಮ್ಮ ಮುಖ ಅಲ್ಲಿದ್ದರೆ ಆಟವೇ ಬೇರೆ, "ಸುಮ್ನೆ ನೆನಪಿಗೆ ಹಾಕಿದ್ದು" ಎಂಬ ಮಾತು ಇನ್ನು ನಡೆಯುವುದಿಲ್ಲ. ಆದರೆ ಜಾಹೀರಾತು ನಿಂತ ಮೇಲೆ ಅಲ್ಲಿಂದ ಮರೆಯಾಗುತ್ತದೆ. ಇವತ್ತೇ ನೋಡಿ.

ನಿಮಗೆ ಬೇಕಿರುವುದು ಅಂಗಡಿಯ ಸಿಸಿಟಿವಿ ದೃಶ್ಯವಾದರೆ ಗಡಿಯಾರ ಇನ್ನೂ ಜೋರಾಗಿ ಓಡುತ್ತಿರುತ್ತದೆ. ಹಾರ್ಡ್ ಡಿಸ್ಕ್ ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ದೊಡ್ಡ ಮಳಿಗೆಗೆ 30 ದಿನದ ನಿಯಮ ಇದ್ದರೂ ಸಣ್ಣ ಅಂಗಡಿಯಲ್ಲಿ ಒಂದು ವಾರಕ್ಕೇ ಅಳಿಸಿಹೋಗಬಹುದು. ಅಲ್ಲಿ ಮಾನಿಟರ್ ಕಂಡರೆ ಅದರ ಮೂಲೆಯ ಸಮಯವನ್ನೂ ನಿಮ್ಮ ಫೋನಿನ ಸಮಯವನ್ನೂ ಒಟ್ಟಿಗೆ ಬರೆದುಕೊಳ್ಳಿ. ಆ ಗಡಿಯಾರಗಳು ಹತ್ತು ನಿಮಿಷ, ಕೆಲವೊಮ್ಮೆ ಒಂದು ಗಂಟೆಯೇ ತಪ್ಪಿರುತ್ತವೆ. ಆಮೇಲೆ "ಆ ಹೊತ್ತಿನಲ್ಲಿ ಏನೂ ಇಲ್ಲ ಸಾರ್" ಎಂದು ಕೈಯಾಡಿಸಿಬಿಡುತ್ತಾರೆ. ಬಿಲ್ಲು ಅಥವಾ ಯುಪಿಐ ಪಾವತಿಯ ಸಂದೇಶ ಇಟ್ಟುಕೊಳ್ಳಿ. ನೀವು ಅಲ್ಲಿ ಗ್ರಾಹಕರಾಗಿದ್ದಿರಿ ಎನ್ನುವುದಕ್ಕೂ, ಯಾವ ಹೊತ್ತಿಗೆ ಇದ್ದಿರಿ ಎನ್ನುವುದಕ್ಕೂ ಅದೇ ಪುರಾವೆ.

ಸಿಕ್ಕಿದ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡು ಮೂಲವನ್ನು ಅಳಿಸಬೇಡಿ. ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ಫೈಲು ಬೇರೆಯಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಒಂದು ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಎಂದಿಟ್ಟುಕೊಳ್ಳಿ, ಒಂದು ಚುಕ್ಕಿ ಬದಲಾದರೂ ಹೊಂದುವುದಿಲ್ಲ. ಅದನ್ನು ನೀವೀಗಲೇ ಮಾಡಬೇಕಿಲ್ಲ, ವಕೀಲರು ನೋಡಿಕೊಳ್ಳುತ್ತಾರೆ. ಮೂಲ ಫೈಲು, ಮೂಲ ಫೋನು ಹಾಗೇ ಇರಲಿ.

ಹಂತ 4: ಬರವಣಿಗೆಯಲ್ಲಿ ಕೇಳಿ

ಫೋನಿನಲ್ಲಿ ಎಷ್ಟು ಸಲ ಕೇಳಿದರೂ ಅದು ಲೆಕ್ಕಕ್ಕಿಲ್ಲ. ಅಂಗಡಿಯ ಇಮೇಲಿಗೆ ಅಥವಾ ವಾಟ್ಸ್‌ಆ್ಯಪ್ ಬಿಸಿನೆಸ್ ನಂಬರಿಗೆ ಒಂದು ಸಣ್ಣ ಪತ್ರ ಹಾಕಿ. ನಾನು ಕಂಡಂತೆ ಹತ್ತರಲ್ಲಿ ಏಳೆಂಟು ಪ್ರಕರಣ ಇಲ್ಲಿಗೇ ಮುಗಿಯುತ್ತವೆ, ಕಾನೂನಿನ ಕಲಂ ನೋಡಿ ಮಾಲೀಕರು ರಾತ್ರಿಯೇ ಅಳಿಸಿಬಿಡುತ್ತಾರೆ. ಒಕ್ಕಣೆ ಹೀಗಿರಲಿ:

"ಮಾನ್ಯರೇ, ದಿನಾಂಕ (—) ರಂದು ಸುಮಾರು (—) ಗಂಟೆಗೆ ನಾನು ನಿಮ್ಮ (—) ಶಾಖೆಗೆ ಗ್ರಾಹಕಿಯಾಗಿ ಬಂದಿದ್ದೆ. ಬಿಲ್ ಸಂಖ್ಯೆ (—). ನನ್ನ ಒಪ್ಪಿಗೆ ಪಡೆಯದೆ ಚಿತ್ರೀಕರಿಸಿದ ವಿಡಿಯೊವನ್ನು ನಿಮ್ಮ ಖಾತೆಯಲ್ಲಿ ಪ್ರಚಾರಕ್ಕಾಗಿ ಹಾಕಿದ್ದೀರಿ. ಲಿಂಕ್: (—). ನನ್ನ ಚಹರೆಯನ್ನು ಜಾಹೀರಾತಿಗೆ ಬಳಸಲು ನನ್ನ ಒಪ್ಪಿಗೆ ಇಲ್ಲ. 48 ಗಂಟೆಯೊಳಗೆ ಇದನ್ನು ಎಲ್ಲ ಖಾತೆಗಳಿಂದ ತೆಗೆದು, ನೀವು ಹಂಚಿಕೊಂಡ ವ್ಲಾಗರ್ ಅಥವಾ ಏಜೆನ್ಸಿಯಿಂದಲೂ ತೆಗೆಸಿ, ಬರವಣಿಗೆಯಲ್ಲಿ ತಿಳಿಸಿ. ಆ ದಿನ (—) ರಿಂದ (—) ಗಂಟೆಯವರೆಗಿನ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಯ್ದಿಡಿ. ಇಲ್ಲವಾದರೆ ಪೊಲೀಸರಿಗೂ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ."

48 ಗಂಟೆ ಎನ್ನುವುದು ಕಾನೂನಿನ ಗಡುವಲ್ಲ, ನೀವು ಕೊಡುವ ಗಡುವು. ಬೈಗುಳ ಬೇಡ. ದುಡ್ಡಿನ ಮಾತನ್ನು ಈ ಪತ್ರದಲ್ಲಿ ಎತ್ತಲೇಬೇಡಿ. "ಒಂದು ಲಕ್ಷ ಕೊಡಿ, ಇಲ್ಲಾಂದ್ರೆ ವೈರಲ್ ಮಾಡ್ತೀನಿ" ಎಂದು ಬರೆದರೆ ಸುಲಿಗೆಯ ಆರೋಪ ನಿಮ್ಮ ತಲೆಗೇ ಬರಬಹುದು. ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಅಂಗಡಿಯ ವಿಳಾಸಕ್ಕೆ ಕಳಿಸಿ, ರಸೀದಿ ಇಟ್ಟುಕೊಳ್ಳಿ.

"ಸಿಸಿಟಿವಿ ದೃಶ್ಯ ನಮಗೇ ಕೊಡಬೇಕಲ್ಲವೇ?" ಎಂದು ಕೇಳುವವರಿಗೆ: ಖಾಸಗಿ ಅಂಗಡಿಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ, ಗ್ರಾಹಕರು ಕೇಳಿದ ಕೂಡಲೇ ಪೆನ್‌ಡ್ರೈವ್‌ಗೆ ಹಾಕಿಕೊಡುವ ಬಾಧ್ಯತೆಯೂ ಇಲ್ಲ. ಪೊಲೀಸರು ಕೇಳಿದರೆ ಕೊಡಲೇಬೇಕು. ನೀವು ಕೇಳಬೇಕಾದದ್ದು "ಕೊಡಿ" ಎಂದಲ್ಲ, "ಅಳಿಸಬೇಡಿ" ಎಂದು.

ಇನ್ನು ಎಲ್ಲರ ಬಾಯಲ್ಲಿರುವ ಡಿಪಿಡಿಪಿ ಕಾಯ್ದೆ. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯನ್ನು ಕಾಪಾಡಲೆಂದು 2023ರಲ್ಲಿ ಆದ ಕಾನೂನು ಅದು. ನಿಮ್ಮನ್ನು ಗುರುತಿಸಬಹುದಾದ ವಿಡಿಯೊ ಕೂಡ ವೈಯಕ್ತಿಕ ಮಾಹಿತಿಯೇ. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು, ನೋಟಿಸನ್ನು ಕನ್ನಡದಲ್ಲಿ ಓದುವ ಆಯ್ಕೆ ನಿಮಗಿರಬೇಕು ಎಂದೆಲ್ಲ ಅದರಲ್ಲಿದೆ. ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕೂ ಇದೆ. ಆದರೆ ಆತುರ ಬೇಡ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಗ್ರಾಹಕರಿಗೆ ಬೇಕಾದ ಮುಖ್ಯ ಕಲಂಗಳು ಜಾರಿಯಾಗಲು ಆ ಅಧಿಸೂಚನೆ 18 ತಿಂಗಳ ಕಾಲಾವಕಾಶ ಕೊಟ್ಟಿದೆ. ಅಂದರೆ 2027ರ ಮೇ. ಅಲ್ಲಿಯವರೆಗೆ "ಡಿಪಿಡಿಪಿ ಪ್ರಕಾರ 250 ಕೋಟಿ ದಂಡ" ಎಂದು ದರ್ಶಿನಿ ಮಾಲೀಕರನ್ನು ಹೆದರಿಸಿದರೆ ಅವರ ವಕೀಲರು ನಗುತ್ತಾರೆ. ಆ ಮೊತ್ತ ದಂಡದ ಗರಿಷ್ಠ ಮಿತಿ, ಅದೂ ಮಾಹಿತಿಯ ಭದ್ರತೆಯಲ್ಲಿ ಲೋಪವಾದಾಗ. ನಿಮ್ಮ ಕೈಗೆ ಬರುವ ಪರಿಹಾರವಂತೂ ಅಲ್ಲ.

ಹಂತ 5: ವಿಡಿಯೊ ಇರುವ ತಾಣಕ್ಕೆ ದೂರು

ಇಲ್ಲೊಂದು ದೊಡ್ಡ ತಪ್ಪು ನಡೆಯುತ್ತದೆ. "ನನ್ನ ಮುಖ, ಹಾಗಾಗಿ ನನ್ನ ಕಾಪಿರೈಟ್" ಎಂದು ಕಾಪಿರೈಟ್ ದೂರು ಹಾಕುತ್ತಾರೆ. ಕಾಪಿರೈಟ್ ಸಾಮಾನ್ಯವಾಗಿ ವಿಡಿಯೊ ತೆಗೆದವರದು ಅಥವಾ ತೆಗೆಸಿದವರದು, ಅದರಲ್ಲಿ ಕಾಣಿಸಿಕೊಂಡವರದಲ್ಲ. ದೂರು ವಜಾ ಆಗುತ್ತದೆ. ನೀವು ಆರಿಸಬೇಕಾದದ್ದು ಪ್ರೈವೆಸಿ ವಿಭಾಗ. ಯೂಟ್ಯೂಬ್‌ನಲ್ಲಿ ಖಾಸಗಿತನದ ದೂರಿಗೆ ಪ್ರತ್ಯೇಕ ದಾರಿಯೇ ಇದೆ. ದೂರನ್ನು ಒಪ್ಪಿದರೆ, ಹಾಕಿದವರಿಗೆ ತೆಗೆಯಲೋ ಮುಖ ಮಸುಕು ಮಾಡಲೋ 48 ಗಂಟೆ ಕೊಡುತ್ತಾರೆ. ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ನೀವಿದ್ದೀರಿ, ಯಾವ ಬಣ್ಣದ ಬಟ್ಟೆ ಎಂದು ಬರೆದರೆ ಕೆಲಸ ಬೇಗ.

2021ರ ಐಟಿ ನಿಯಮಗಳ ಪ್ರಕಾರ ಪ್ರತಿ ತಾಣಕ್ಕೂ ಕುಂದುಕೊರತೆ ಅಧಿಕಾರಿ ಇರಬೇಕು. ನಗ್ನತೆ ಅಥವಾ ಗುಪ್ತಾಂಗ ಕಾಣುವ, ಇಲ್ಲವೇ ತಿರುಚಿದ ಚಿತ್ರಗಳಾದರೆ ತೆಗೆಯುವ ಗಡುವು ದಿನಗಳಲ್ಲಲ್ಲ, ಗಂಟೆಗಳ ಲೆಕ್ಕದಲ್ಲಿದೆ. ಮಾಮೂಲಿ ರೀಲ್‌ಗೆ ಅಷ್ಟು ವೇಗ ಸಿಗದು. ತಾಣದ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ತೀರಾ ಖಾಸಗಿ ದೃಶ್ಯವಾದರೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ ಇದೆ. ನೀವು ಚಿತ್ರ ಅಪ್‌ಲೋಡ್ ಮಾಡಬೇಕಿಲ್ಲ, ಅದರ ಹ್ಯಾಶ್ ನಿಮ್ಮ ಫೋನಿನಲ್ಲೇ ತಯಾರಾಗಿ ತಾಣಗಳಿಗೆ ಹೋಗುತ್ತದೆ, ಅದೇ ಚಿತ್ರ ಮತ್ತೆ ಬಂದರೆ ಅವರು ತಡೆಯಬಹುದು.

ಹಂತ 6: ಪೊಲೀಸ್ ಠಾಣೆ, ಮತ್ತು ಗುಟ್ಟಿನ ಕ್ಯಾಮೆರಾ ಸಿಕ್ಕಿದರೆ

2024ರ ಆಗಸ್ಟ್‌ನಲ್ಲಿ ಬಿಇಎಲ್ ರಸ್ತೆಯ ಒಂದು ಕಾಫಿ ಮಳಿಗೆಯ ಮಹಿಳೆಯರ ಶೌಚಾಲಯದಲ್ಲಿ, ಕಸದ ಬುಟ್ಟಿಯೊಳಗೆ ಬಚ್ಚಿಟ್ಟಿದ್ದ ಫೋನೊಂದು ರೆಕಾರ್ಡ್ ಮಾಡುತ್ತಿದ್ದದ್ದು ಸಿಕ್ಕಿತು. ಅಲ್ಲೇ ಕೆಲಸಕ್ಕಿದ್ದವನನ್ನು ಪೊಲೀಸರು ಹಿಡಿದರು. ಬುಟ್ಟಿಯ ಚೀಲದಲ್ಲಿ ಲೆನ್ಸಿನಷ್ಟೇ ಒಂದು ತೂತು. ಇಂಥದ್ದನ್ನು ಯಾವ ಆ್ಯಪೂ ಹುಡುಕಿಕೊಡುವುದಿಲ್ಲ. ವೈಫೈ ಸ್ಕ್ಯಾನ್ ಮಾಡುವ ಆ್ಯಪ್‌ಗಳಿಗೆ ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡುವ ಕ್ಯಾಮೆರಾ ಕಾಣುವುದೇ ಇಲ್ಲ. ಕನ್ನಡಿಯ ಹಿಂದಿನಿಂದ ಕಾಣುವಂತಿದೆಯೇ ಎಂದು ತಿಳಿಯಲು ಅದಕ್ಕೆ ಬೆರಳಿಟ್ಟು ನೋಡುವ ಪರೀಕ್ಷೆಯನ್ನೂ ನಂಬಬೇಡಿ. ದೀಪ ಆರಿಸಿ ಟಾರ್ಚ್ ಹಾಕಿ ಕೊಕ್ಕೆ, ಪ್ಲಗ್, ಸ್ಮೋಕ್ ಡಿಟೆಕ್ಟರ್, ಬುಟ್ಟಿ, ಬಾಗಿಲ ಸಂದಿ ನೋಡಿ. ಲೆನ್ಸ್ ಇದ್ದರೆ ಸಣ್ಣಗೆ ಮಿನುಗುತ್ತದೆ.

ಸಿಕ್ಕಿತು ಎಂದಿಟ್ಟುಕೊಳ್ಳಿ. ಮುಟ್ಟಬೇಡಿ. ಇದ್ದ ಜಾಗದಲ್ಲೇ ಫೋಟೊ, ವಿಡಿಯೊ ತೆಗೆಯಿರಿ. ಜೊತೆಗಿರುವವರನ್ನು ಬಾಗಿಲಲ್ಲಿ ನಿಲ್ಲಿಸಿ 112ಕ್ಕೆ ಕರೆ ಮಾಡಿ. "ನಾವೇ ಒಳಗಡೆ ಎನ್‌ಕ್ವೈರಿ ಮಾಡ್ತೀವಿ, ಕೊಡಿ ಮೇಡಂ" ಎಂದು ಸಿಬ್ಬಂದಿ ಫೋನನ್ನು ಒಯ್ಯಲು ಬಂದರೆ ಒಪ್ಪಬೇಡಿ. ಪೊಲೀಸರು ಬಂದು ಮಹಜರು, ಅಂದರೆ ಸಾಕ್ಷಿಗಳ ಎದುರು ಸ್ಥಳದ ವಿವರ ಬರೆದು ವಸ್ತು ವಶಕ್ಕೆ ಪಡೆಯುವವರೆಗೆ ಜಾಗ ಬಿಡಬೇಡಿ.

ಕಲಂಗಳು ನಿಮ್ಮ ನಾಲಿಗೆಯ ಮೇಲಿದ್ದರೆ ಠಾಣೆಯಲ್ಲಿ ಮಾತು ಬೇಗ ಮುಗಿಯುತ್ತದೆ. ನ್ಯಾಯ ಸಂಹಿತೆಯ ಕಲಂ 77: ಮಹಿಳೆಯೊಬ್ಬರು ಖಾಸಗಿಯಾಗಿರುವ ಹೊತ್ತಿನಲ್ಲಿ ಇಣುಕಿ ನೋಡುವುದು, ಚಿತ್ರ ತೆಗೆಯುವುದು, ಹಂಚುವುದು. ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ. ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ ಹಂಚಿದ್ದು ಅಪರಾಧವೇ. ಆ ಕಲಂ ಮಹಿಳೆಯರಿಗೆ ಮಾತ್ರ. ಗಂಡಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಐಟಿ ಕಾಯ್ದೆಯ ಕಲಂ 66ಇ ಇದೆ, ಯಾರದೇ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆದರೆ ಮೂರು ವರ್ಷದವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ. ಟ್ರಯಲ್ ರೂಮಿನ ಹೊರಗಿನ ಸಿಸಿಟಿವಿ ಬಾಗಿಲ ಮೇಲಿನ ಸಂದಿಯಿಂದ ಒಳಗೆ ನೋಡುತ್ತಿದ್ದರೆ "ಅದು ಸೆಕ್ಯೂರಿಟಿಗೆ" ಎಂಬ ಸಬೂಬು ಉಳಿಯುವುದಿಲ್ಲ.

ದೂರನ್ನು ಹತ್ತಿರದ ಠಾಣೆಯಲ್ಲೇ ಕೊಡಿ. "ನಮ್ಮ ಲಿಮಿಟ್ಸ್ ಅಲ್ಲ" ಎಂದರೆ ಝೀರೊ ಎಫ್‌ಐಆರ್ ಕೇಳಿ. ಯಾವ ಠಾಣೆಯಲ್ಲಾದರೂ ದಾಖಲಿಸಿ ಆಮೇಲೆ ಸರಿಯಾದ ಠಾಣೆಗೆ ವರ್ಗಾಯಿಸುವ ವ್ಯವಸ್ಥೆ ಅದು, ಈಗ ಕಾನೂನಿನಲ್ಲೇ ಇದೆ. ಕಲಂ 77ರಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆನ್‌ಲೈನ್‌ನಲ್ಲಿ ಹಬ್ಬಿದ್ದರೆ ನಿಮ್ಮ ವಿಭಾಗದ ಸಿಇಎನ್ ಠಾಣೆ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೂ ಹೋಗಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಹಾಕಬಹುದು. 1930 ಮುಖ್ಯವಾಗಿ ದುಡ್ಡು ಕಳೆದುಕೊಂಡವರ ಸಹಾಯವಾಣಿ, ಇದಕ್ಕೆ ಪೋರ್ಟಲ್ಲೇ ಸರಿ.

ಬೆಂಗಳೂರಿನಲ್ಲಿ ಬಹಳ ಜನ ಮೋಸಹೋಗುವುದು ಎನ್‌ಸಿಆರ್ ಚೀಟಿಯಲ್ಲಿ. ದೂರು ಕೊಟ್ಟು ಬಂದ ಖುಷಿಯಲ್ಲಿ ಮಡಚಿ ಇಟ್ಟುಕೊಳ್ಳುತ್ತಾರೆ. ಎನ್‌ಸಿಆರ್ ಎಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧ ಎಂದು ಬರೆದುಕೊಂಡದ್ದು, ಅಷ್ಟೇ. ಗುಟ್ಟಿನ ಕ್ಯಾಮೆರಾ ಪ್ರಕರಣಕ್ಕೆ ಎಫ್‌ಐಆರೇ ಆಗಬೇಕು, ಅದರ ಪ್ರತಿ ನಿಮಗೆ ಪುಕ್ಕಟೆ ಸಿಗಬೇಕು. ನಿರಾಕರಿಸಿದರೆ ದೂರನ್ನು ಡಿಸಿಪಿಗೆ ಬರವಣಿಗೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ.

ಸಾಮಾನ್ಯ ರೀಲ್‌ಗೆ ಪೊಲೀಸರು ಎಫ್‌ಐಆರ್ ಹಾಕುವುದು ಕಷ್ಟ. ಆದರೆ ಕ್ಯಾಮೆರಾ ಹೆಣ್ಣುಮಕ್ಕಳ ದೇಹದ ಮೇಲೇ ಓಡಾಡಿದ್ದರೆ, ಬರಹ ಅಸಭ್ಯವಾಗಿದ್ದರೆ ಹಾಗಲ್ಲ. 2025ರಲ್ಲಿ ನಮ್ಮ ಮೆಟ್ರೊದಲ್ಲಿ, ಆಮೇಲೆ ಚರ್ಚ್ ಸ್ಟ್ರೀಟಿನಲ್ಲಿ ಹೀಗೆ ಗುಟ್ಟಾಗಿ ಹೆಂಗಸರ ವಿಡಿಯೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುತ್ತಿದ್ದವರ ಮೇಲೆ ನಗರದ ಪೊಲೀಸರು ಕೇಸು ಹಾಕಿ ಬಂಧಿಸಿದ್ದಾರೆ. ಅದು ಬೀದಿ, ಸಾರ್ವಜನಿಕ ಜಾಗ ಎಂಬ ನೆಪ ಅವರನ್ನು ಉಳಿಸಲಿಲ್ಲ.

ಮತ್ತೊಂದು ಎಚ್ಚರಿಕೆ: "ಎಲ್ಲರಿಗೂ ಗೊತ್ತಾಗಲಿ" ಎಂದು ಆ ಖಾಸಗಿ ದೃಶ್ಯವನ್ನು ನೀವೇ ಗುಂಪುಗಳಿಗೆ ಕಳಿಸಬೇಡಿ. ಅಶ್ಲೀಲ ದೃಶ್ಯ ರವಾನಿಸುವುದು ಐಟಿ ಕಾಯ್ದೆಯಡಿ ಅಪರಾಧ, ಕಳಿಸಿದವರ ಉದ್ದೇಶ ಒಳ್ಳೆಯದಿತ್ತು ಎಂದರೆ ತಪ್ಪಿಸಿಕೊಳ್ಳಲಾಗದು.

ಹಂತ 7: ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗ, ಸಿವಿಲ್ ಕೋರ್ಟ್

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲಿ, ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದಿದೆ. ನನ್ನ ಅಂದಾಜಿನಲ್ಲಿ ಇದು ಕ್ಲಿನಿಕ್, ಸ್ಪಾ, ಜಿಮ್‌ನಂಥ ಕಡೆ ಗಟ್ಟಿ, ನೀವು ಅಲ್ಲಿ ನಂಬಿ ಮೈ ಒಪ್ಪಿಸಿರುತ್ತೀರಿ. ಸೀರೆ ಅಂಗಡಿಯಲ್ಲಿ ವಾದ ತೆಳುವಾಗುತ್ತದೆ. ಎರಡು ವರ್ಷದೊಳಗೆ ದೂರು ಹಾಕಬೇಕು, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ನೀವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಮೊದಲು ಸಲಹೆ ಬೇಕಿದ್ದರೆ 1915ಕ್ಕೆ ಕರೆ ಮಾಡಿ.

ವಿಡಿಯೊ ಹರಿದಾಡುತ್ತಲೇ ಇದ್ದು ಕೂಡಲೇ ನಿಲ್ಲಿಸಬೇಕಿದ್ದರೆ ಸಿಟಿ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬೇಕು. ಇದಕ್ಕೆ ವಕೀಲರು ಬೇಕು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಮತ್ತೆ ಮತ್ತೆ ಬರುವ ಮೂರು ಪ್ರಶ್ನೆ

ಸಹಿ ಹಾಕಿದ ಫಾರ್ಮಿನಲ್ಲೇ ಇತ್ತಲ್ಲ? ಜಿಮ್, ಡ್ಯಾನ್ಸ್ ಕ್ಲಾಸ್, ಬೇಸಿಗೆ ಶಿಬಿರಗಳ ಫಾರ್ಮಿನ ಕೊನೆಗೆ "ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಹುದು" ಎಂಬ ಇರುವೆಯಂಥ ಅಕ್ಷರದ ಸಾಲು ಇರುತ್ತದೆ. ಸಹಿ ಹಾಕುವ ಮುಂಚೆ ಆ ಸಾಲನ್ನು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಫೋಟೊ ತೆಗೆದುಕೊಳ್ಳಿ. ನಾನು ಹಾಗೇ ಮಾಡುತ್ತೇನೆ, ಇದುವರೆಗೆ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂದಿಲ್ಲ. ಈಗಾಗಲೇ ಸಹಿ ಹಾಕಿದ್ದರೆ ಒಪ್ಪಿಗೆ ಹಿಂಪಡೆದಿದ್ದೇನೆ ಎಂದು ಇಮೇಲ್ ಕಳಿಸಿ. ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ, ಡಿಪಿಡಿಪಿ ಪೂರ್ತಿ ಜಾರಿಯಾದ ಮೇಲೆ 18 ತುಂಬದವರಿಗೆ ಪೋಷಕರ ದೃಢಪಟ್ಟ ಒಪ್ಪಿಗೆ ಬೇಕೇಬೇಕು.

ಡಾಕ್ಟರು "ಮೊದಲು-ನಂತರ" ಫೋಟೊ ಹಾಕಿದ್ದಾರೆ. ರೋಗಿಯ ಗುರುತು ಸಿಗುವಂಥ ಚಿತ್ರವನ್ನು ಅನುಮತಿ ಇಲ್ಲದೆ ಪ್ರಕಟಿಸಬಾರದು ಎಂದು ವೈದ್ಯರ 2002ರ ನಡತೆ ನಿಯಮಗಳಲ್ಲೇ ಇದೆ. ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕೊಡಿ. ಕ್ಲಿನಿಕ್ಕಿನ ಪರೀಕ್ಷಾ ಕೋಣೆಯಲ್ಲಿ ಕ್ಯಾಮೆರಾ ಕಂಡರೆ ಅಲ್ಲಿಯೇ ಕೇಳಿ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್‌ಗೆ, ಟೆಲಿಗ್ರಾಮ್‌ಗೆ ಸೋರಿ ಮಾರಾಟವಾದವು. ಆಸ್ಪತ್ರೆಯವರು ತಾವೇ ಹಾಕದಿದ್ದರೂ ದುರ್ಬಲ ಪಾಸ್‌ವರ್ಡ್ ಇದ್ದರೆ ಸಾಕು, ಬೇರೆಯವರು ಒಳಗೆ ನುಗ್ಗುತ್ತಾರೆ.

ನಾನು ಹಿಂದೆ ಎಲ್ಲೋ ಮಸುಕಾಗಿ ಕಾಣುತ್ತೇನೆ, ದೂರು ಕೊಡಬಹುದಾ? ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಶನಿವಾರ ಸಂಜೆ ಹೋಳಿಗೆ ತಿನ್ನುತ್ತಾ ನಿಂತವರು ಕನಿಷ್ಠ ನಾಲ್ಕು ವ್ಲಾಗ್‌ಗಳಲ್ಲಿ ಹೀಗೆ ಬಂದೇ ಬರುತ್ತಾರೆ. ಗುರುತೇ ಸಿಗದಿದ್ದರೆ ಬಿಟ್ಟುಬಿಡಿ. ಗುರುತು ಸಿಗುತ್ತದೆ, ಮುಜುಗರವಾಗುತ್ತದೆ ಎಂದರೆ ಹಂತ 4ರ ಪತ್ರ ಹಾಕಿ, "ತೆಗೆಯಿರಿ" ಎನ್ನುವ ಬದಲು "ನನ್ನ ಮುಖ ಮಸುಕು ಮಾಡಿ" ಎಂದು ಕೇಳಿ. ಇಡೀ ವಿಡಿಯೊ ಕಳೆದುಕೊಳ್ಳುವುದಕ್ಕಿಂತ ಅದು ಅವರಿಗೂ ಸಲೀಸು, ಬೇಗ ಒಪ್ಪುತ್ತಾರೆ.